ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಹೆರಿಗೆ ವಾರ್ಡಿನಲ್ಲಿ ಶುಗರ್ ಸ್ಟ್ರಿಪ್ ಇರಲಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಮಗು ದಿನ ತುಂಬುವ ಮೊದಲೇ ಹುಟ್ಟಿದರೆ, ತೂಕ ತೀರಾ ಕಡಿಮೆ ಇದ್ದರೆ, ಹುಟ್ಟಿದ ತಕ್ಷಣ ಅಳದಿದ್ದರೆ, ಆ ಮಗುವಿನ ಹಿಮ್ಮಡಿ ಚುಚ್ಚಿ ಶುಗರ್ ನೋಡಬೇಕು. ಹುಟ್ಟಿ ಎರಡು ಗಂಟೆ ಆದಾಗ ಒಮ್ಮೆ, ಆರು ಗಂಟೆ ಆದಾಗ ಒಮ್ಮೆ, ಆಮೇಲೆ ಮತ್ತೆ ಮತ್ತೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 45 ಮಿ.ಗ್ರಾಂಗಿಂತ ಕೆಳಗಿಳಿದರೆ ಸುಮ್ನೆ ಕೂರುವ ಹಾಗಿಲ್ಲ, ಮಿದುಳಿಗೆ ಪೆಟ್ಟು ಬೀಳಬಹುದು. ಇದೆಲ್ಲ ನಿಮ್ಮ ಇಲಾಖೆಗೆ ಗೊತ್ತಿರುವುದೇ. ನಾನು ಕೇಳುವುದು ಒಂದೇ: ಶುಗರ್ ನೋಡೋಕೆ ರಕ್ತದ ಹನಿ ಹಾಕುವ ಸ್ಟ್ರಿಪ್ ಎಲ್ಲಿದೆ?

ನನ್ನ ಹೆಂಡತಿಗೆ ಬಸಿರಿನಲ್ಲಿ ಶುಗರ್ ಬಂದಿತ್ತು. ತಾಯಿ ಕಾರ್ಡಿನಲ್ಲಿ ಅದನ್ನು ಬರೆದೂ ಇದ್ದರು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಹೆರಿಗೆ ಆಯಿತು. ಮಗ ನಾಲ್ಕು ಕೆಜಿ ಹತ್ತಿರ ಇದ್ದ. ಗುಂಡುಗುಂಡಗಿದ್ದಾನೆ ಅಂತ ಎಲ್ಲರೂ ಖುಷಿಪಟ್ಟರು. ತಾಯಿಯ ಶುಗರ್ ಜಾಸ್ತಿ ಇದ್ದಾಗ ಹೊಟ್ಟೆಯೊಳಗಿನ ಮಗುವಿನ ಮೈ ಸಕ್ಕರೆ ಇಳಿಸುವ ಇನ್ಸುಲಿನ್ ಜಾಸ್ತಿ ಮಾಡುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಇನ್ಸುಲಿನ್ ತಕ್ಷಣ ನಿಲ್ಲುವುದಿಲ್ಲ, ಹಾಗಾಗಿ ಮಗುವಿನ ಶುಗರ್ ಕುಸಿಯಬಹುದು. ಅಂಥ ದಪ್ಪ ಮಗುವಿಗೇ ಮೊದಲ ಕೆಲವು ಗಂಟೆಗಳಲ್ಲಿ ಅಪಾಯ ಅಂತ ನಮಗೆ ಯಾರೂ ಹೇಳಲಿಲ್ಲ.

ರಾತ್ರಿ ಮಗುವಿನ ಕೈ ನಡುಗತೊಡಗಿತು. ಚಳಿ ಇರಬೇಕು ಅಂತ ನಮ್ಮತ್ತೆ ಇನ್ನೊಂದು ಬಟ್ಟೆ ಸುತ್ತಿದರು. ಬಾಯಿಗೆ ಮೊಲೆ ಇಟ್ಟರೆ ಚೀಪಲಿಲ್ಲ. ಅಳು ಸಣ್ಣಗಾಯಿತು. ಸಿಸ್ಟರ್ ಓಡಿ ಬಂದರು. ಗ್ಲುಕೋಮೀಟರ್ ತೆಗೆದರು, ಸ್ಟ್ರಿಪ್ ಡಬ್ಬಿ ಅಲ್ಲಾಡಿಸಿದರು. ಖಾಲಿ. "ಸ್ಟಾಕ್ ಬಂದಿಲ್ಲಪ್ಪಾ, ಹೊರಗಿಂದ ತಂದುಬಿಡಿ" ಅಂದರು. ಅವರ ಮುಖ ನೋಡಿದರೆ ಅವರೂ ಎಷ್ಟು ಸಲ ಕೇಳಿ ಸೋತಿದ್ದರೋ ಅನ್ನಿಸಿತು. ಮೆಡಿಕಲ್ ಅಂಗಡಿಗಳೆಲ್ಲ ಮುಚ್ಚಿದ್ದವು. ಒಬ್ಬರ ಮನೆ ಬಾಗಿಲು ಬಡಿದು, ಎಬ್ಬಿಸಿ, ಸ್ಟ್ರಿಪ್ ಹಿಡಿದು ವಾಪಸ್ ಬರುವಷ್ಟರಲ್ಲಿ ಮಗುವಿನ ತುಟಿ ನೀಲಿಯಾಗಿತ್ತು. ಫಿಟ್ಸ್ ಶುರುವಾಗಿತ್ತು. ಹಿಮ್ಮಡಿ ಚುಚ್ಚಿ ನೋಡಿದರೆ 18. ಡ್ರಿಪ್ ಹಾಕಿಕೊಂಡೇ ಆಂಬುಲೆನ್ಸ್‌ನಲ್ಲಿ ಜಿಲ್ಲಾಸ್ಪತ್ರೆಗೆ ಓಡಿದೆವು.

ಮಗ ಬದುಕಿದ. ಈಗ ಸ್ಕೂಲಿಗೆ ಹೋಗುವ ವಯಸ್ಸು. ಮಾತು ಇನ್ನೂ ಸರಿಯಾಗಿ ಬರುವುದಿಲ್ಲ, ಕಣ್ಣು ಮಂಜು, ಫಿಟ್ಸ್ ಮಾತ್ರೆ ತಪ್ಪಿಸುವಂತಿಲ್ಲ. ಮಿದುಳಿಗೆ ಸಕ್ಕರೆ ಸಿಗದೆ ಆದ ಪೆಟ್ಟು ಇದು ಅಂದರು ಡಾಕ್ಟರು. ಒಂದು ಸ್ಟ್ರಿಪ್ಪಿನ ಬೆಲೆ ಎಷ್ಟು ಸ್ವಾಮಿ? ನನ್ನ ಮಗನ ಮಾತಿಗಿಂತ ಜಾಸ್ತಿಯಾ?

ಅರ್ಜಿ ಕೊಟ್ಟಾಗಲೆಲ್ಲ "ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು" ಅಂತ ಉತ್ತರ ಬಂತು. ಕಳೆದ ತಿಂಗಳು ನಮ್ಮ ಸಂಬಂಧಿಕರ ಹುಡುಗಿ ಅದೇ ವಾರ್ಡಿನಲ್ಲಿ ಹೆತ್ತಳು. ಅವಳ ಗಂಡನಿಗೂ ಅದೇ ಮಾತು: ಸ್ಟ್ರಿಪ್ ಹೊರಗಿಂದ ತನ್ನಿ. ಆ ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ ಎಲ್ಲ ಉಚಿತ ಅಂತ ಅದರಲ್ಲೇ ಇದೆ, ಅಲ್ವಾ? ಹಾಗಿದ್ದರೆ ನಡುರಾತ್ರಿ ಬಾಣಂತಿಯ ಗಂಡ ಅಂಗಡಿ ಬಾಗಿಲು ಬಡಿಯುವುದು ಯಾಕೆ?

ಹೆರಿಗೆ ಆಗುವ ಪ್ರತಿ ಆಸ್ಪತ್ರೆಯಲ್ಲೂ ಗ್ಲುಕೋಮೀಟರ್ ಇರಲಿ, ಅವಧಿ ಮುಗಿಯದ ಸ್ಟ್ರಿಪ್ ಇರಲಿ, ನರಕ್ಕೆ ಹಾಕುವ ಶೇಕಡಾ 10ರ ಡೆಕ್ಸ್‌ಟ್ರೋಸ್ (ಗ್ಲುಕೋಸ್) ಬಾಟಲಿ ಇರಲಿ. ಅಪಾಯ ಇರುವ ಮಗುವಿನ ಶುಗರ್ ಎಷ್ಟು ಗಂಟೆಗೆ ಎಷ್ಟಿತ್ತು ಅಂತ ತಾಯಿ ಕಾರ್ಡಿನಲ್ಲಿ ಬರೆಯಲಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿಸಲಿ, ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಬೇಡಿ ಅಂತ ಅಜ್ಜಿಯರಿಗೆ ಬಿಡಿಸಿ ಹೇಳಲಿ. ಮಗು ನಡುಗಿದರೆ, ಹಾಲು ಚೀಪದಿದ್ದರೆ, ಮೈ ತಣ್ಣಗಾಗಿ ಮಂಕಾಗಿ ಮಲಗಿದರೆ ಕೂಡಲೇ ಕರೆಯಿರಿ ಅಂತ ವಾರ್ಡಿನ ಗೋಡೆ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆಸಿ.

ಮತ್ತೆ ಹೇಳುತ್ತೇನೆ, ಸ್ಟ್ರಿಪ್ ಕೊಡಿ. ಉಳಿದದ್ದನ್ನು ನಮ್ಮ ಸಿಸ್ಟರ್‌ಗಳು ಮಾಡುತ್ತಾರೆ, ಅವರಿಗೆ ಕೆಲಸ ಗೊತ್ತು. ಈ ಪತ್ರಕ್ಕೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ನನಗೆ ಬೇಡ. ಯಾವ ತಾರೀಖಿಗೆ ಯಾವ ಆಸ್ಪತ್ರೆಗೆ ಎಷ್ಟು ಡಬ್ಬಿ ಸ್ಟ್ರಿಪ್ ತಲುಪಿತು ಅಂತ ಬರೆದು ತಿಳಿಸಿ.

ಇಂತಿ,
ಒಬ್ಬ ತಂದೆ