ವಾಡಿಕೆಗಿಂತ ಹೆಚ್ಚು ಸರಿ, ಯಾವ ವಾಡಿಕೆಗಿಂತ?

ಮಾನ್ಯ ಸಂಪಾದಕರೇ,

ತಿಂಗಳ ಮೊದಲ ವಾರದಲ್ಲಿ ಪತ್ರಿಕೆಗಳಲ್ಲಿ ಹೊರದೇಶಗಳ ಹವಾಮಾನದ ಒಂದೆರಡು ಸುದ್ದಿ ಬರುತ್ತವೆ. ಯುರೋಪಿನಲ್ಲಿ ವಾಡಿಕೆಗಿಂತ ಎರಡು ಡಿಗ್ರಿ ಹೆಚ್ಚು ಬಿಸಿ, ಕೆನಡಾದಲ್ಲಿ ಅರ್ಧದಷ್ಟೂ ಮಳೆಯಿಲ್ಲ, ಹೀಗೆ. ಮಕ್ಕಳು ಟೊರಾಂಟೊದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇರುವ ಮನೆಗಳು ಉಡುಪಿ, ಮಂಗಳೂರಿನಲ್ಲಿ ಬೇಕಷ್ಟಿವೆ. ಇಂಥ ಸುದ್ದಿಯನ್ನು ಇಲ್ಲಿ ಗಮನವಿಟ್ಟು ಓದುತ್ತಾರೆ. ಆದರೆ ಯಾವ ವಾಡಿಕೆಗೆ ಹೋಲಿಸಿದ್ದು ಎಂಬ ಒಂದು ಸಾಲು ಅದರಲ್ಲಿರುವುದಿಲ್ಲ. ಆ ಸಾಲಿಲ್ಲದಿದ್ದರೆ ಅಂಕಿ ಇದ್ದೂ ಪ್ರಯೋಜನವಿಲ್ಲ.

ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿಯಂತೆ ವಾಡಿಕೆ ಎಂದರೆ 30 ವರ್ಷಗಳ ಸರಾಸರಿ. ಈಗ ಚಾಲ್ತಿಯಲ್ಲಿರುವುದು 1991–2020ರದ್ದು. ದೀರ್ಘಾವಧಿಯ ಬದಲಾವಣೆ ಅಳೆಯಲು 1961–1990ರ ಸರಾಸರಿಯನ್ನೂ ಉಳಿಸಿಕೊಂಡಿದ್ದಾರೆ. ಜರ್ಮನಿಯ ವಾರ್ಷಿಕ ಸರಾಸರಿ ಉಷ್ಣಾಂಶ ಹಳೆಯ ಲೆಕ್ಕದಲ್ಲಿ 8.2 ಡಿಗ್ರಿ, ಹೊಸದರಲ್ಲಿ 9.3. ಹಾಗಾಗಿ ಅದೇ ವರ್ಷವನ್ನು ಒಂದು ವರದಿ ‘ಒಂದು ಡಿಗ್ರಿ ಹೆಚ್ಚು’ ಎಂದರೆ ಇನ್ನೊಂದು ‘ಎರಡು ಡಿಗ್ರಿ ಹೆಚ್ಚು’ ಎನ್ನುತ್ತದೆ. ಎರಡೂ ಸರಿಯೇ. ನಮ್ಮ ಹವಾಮಾನ ಇಲಾಖೆ ದೇಶದ ಮುಂಗಾರು ಮಳೆಗೆ ಬಳಸುವ 87 ಸೆಂ.ಮೀ. ವಾಡಿಕೆಯಂತೂ 1971–2020ರ ಐವತ್ತು ವರ್ಷಗಳದ್ದು.

ಬರೀ ಡಿಗ್ರಿ ಹೇಳಿದರೂ ಸಾಲದು. ಸೈಬೀರಿಯಾದ ಒಳನಾಡಿನಲ್ಲಿ ಜನವರಿಯ ಸರಾಸರಿ ವರ್ಷದಿಂದ ವರ್ಷಕ್ಕೆ ಮೂರು ನಾಲ್ಕು ಡಿಗ್ರಿ ಏರಿಳಿಯುವುದು ಮಾಮೂಲು. ಕಡಲು ಪಕ್ಕದಲ್ಲೇ ಇರುವ ಮಂಗಳೂರಿನಲ್ಲಿ ತಿಂಗಳ ಸರಾಸರಿ ಒಂದೂವರೆ ಡಿಗ್ರಿ ಏರಿದರೆ ಅದು ದೊಡ್ಡ ವಿಷಯ. ನಕ್ಷೆಯಲ್ಲಿ ಮಾತ್ರ ಸೈಬೀರಿಯಾ ಕಡುಗೆಂಪು, ನಾವು ತೆಳು ಹಳದಿ.

ಮಳೆಯ ಶೇಕಡಾವಾರು ಇನ್ನೂ ದಾರಿ ತಪ್ಪಿಸುತ್ತದೆ. ತಿಂಗಳ ವಾಡಿಕೆ 2 ಮಿ.ಮೀ. ಇರುವ ಊರಿನಲ್ಲಿ ಒಂದು ಸಂಜೆ 20 ಮಿ.ಮೀ. ಸುರಿದರೆ ಅದು ಶೇ. 900 ಹೆಚ್ಚು! ಜುಲೈ ಒಂದರಲ್ಲೇ ಸಾವಿರ ಮಿ.ಮೀ. ದಾಟುವ ನಮ್ಮಲ್ಲಿ ಶೇ. 20 ಕೊರತೆ ಎಂದರೆ 200 ಮಿ.ಮೀ.ಗೂ ಮಿಕ್ಕಿದ ನೀರು. ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆ ಇರುವ ಮೆಡಿಟರೇನಿಯನ್ ಕರಾವಳಿಯ ಸುದ್ದಿಗಳಲ್ಲಿ ಇದೇ ಎಡವಟ್ಟು ಪದೇ ಪದೇ ಆಗುತ್ತದೆ. ಆದ್ದರಿಂದ ಶೇಕಡಾವಾರಿನ ಜೊತೆಗೆ ಮಿ.ಮೀ. ಕೊಡಲೇಬೇಕು. ಇಂಥ ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂಬುದೂ ಸಿಕ್ಕಿದರೆ ಇನ್ನೂ ಒಳ್ಳೆಯದು.

ಸುದ್ದಿಯಲ್ಲಿ ತೀರಾ ಕಾಣದಿರುವುದು ಕಾರಣ. ಉಷ್ಣವಲಯದ ಆಚೆ ಒಂದು ತಿಂಗಳು ಹೇಗಿತ್ತು ಎಂದು ತಿಳಿಯಲು ನೆಲದಿಂದ ಸುಮಾರು ಐದೂವರೆ ಕಿ.ಮೀ. ಮೇಲೆ, ಒತ್ತಡ 500 ಹೆಕ್ಟೊಪಾಸ್ಕಲ್ ಇರುವ ಮಟ್ಟವನ್ನು ನೋಡುತ್ತಾರೆ. ಕೆಳಗಿನ ಗಾಳಿ ಬೆಚ್ಚಗಿದ್ದರೆ ಹಿಗ್ಗಿ ಈ ಮಟ್ಟ ಮೇಲೇರುತ್ತದೆ, ತಣ್ಣಗಿದ್ದರೆ ಕುಗ್ಗಿ ಇಳಿಯುತ್ತದೆ. ವಾಡಿಕೆಗಿಂತ ನೂರಿನ್ನೂರು ಮೀಟರ್ ಮೇಲೆದ್ದ ಉಬ್ಬಿನಡಿ ಗಾಳಿ ಕೆಳಕ್ಕಿಳಿಯುತ್ತದೆ, ಮೋಡ ಕಟ್ಟುವುದಿಲ್ಲ, ಬೇಸಿಗೆಯಾದರೆ ನೆಲ ಕಾಯುತ್ತದೆ. ಚಳಿಗಾಲದಲ್ಲಿ ಅದೇ ತಿಳಿ ಆಕಾಶದಿಂದ ಹಿಮ ಹೊದ್ದ ನೆಲ ರಾತ್ರಿ ಮತ್ತಷ್ಟು ತಣಿಯುವುದುಂಟು. ಉತ್ತರಾರ್ಧಗೋಳದಲ್ಲಿ ಉಬ್ಬಿನ ಪಶ್ಚಿಮಕ್ಕೆ ದಕ್ಷಿಣದ ಬೆಚ್ಚನೆ ಗಾಳಿ, ಪೂರ್ವಕ್ಕೆ ಉತ್ತರದ ಚಳಿಗಾಳಿ. ಮಳೆ ಹೆಚ್ಚಾಗಿ ಬೀಳುವುದು ತಗ್ಗಿನ, ಅಂದರೆ ಈ ಮಟ್ಟ ಕೆಳಗಿಳಿದ ಜಾಗದ, ಪೂರ್ವ ಮಗ್ಗುಲಲ್ಲಿ.

2010ರ ಜುಲೈಯಲ್ಲಿ ಪಶ್ಚಿಮ ರಷ್ಯಾದ ಮೇಲೆ ಇಂಥದೊಂದು ಉಬ್ಬು ವಾರಗಟ್ಟಲೆ ಕದಲದೆ ನಿಂತಿತು. 29ರಂದು ಮಾಸ್ಕೋದಲ್ಲಿ 38.2 ಡಿಗ್ರಿ. ಉಬ್ಬಿನ ಪೂರ್ವಕ್ಕಿದ್ದ ತಗ್ಗು ದಕ್ಷಿಣಕ್ಕೆ ಚಾಚಿ ಮುಂಗಾರಿನ ತೇವವನ್ನು ಸಂಧಿಸಿದ್ದರಿಂದ ಅದೇ ದಿನಗಳಲ್ಲಿ ವಾಯವ್ಯ ಪಾಕಿಸ್ತಾನದಲ್ಲಿ ಭೀಕರ ಪ್ರವಾಹ. ಎರಡು ಪುಟಗಳಲ್ಲಿ ಬೇರೆ ಬೇರೆಯಾಗಿ ಅಚ್ಚಾಗುವ ಸುದ್ದಿಗಳು ಒಂದೇ ನಕ್ಷೆಯಲ್ಲಿ ಜೋಡಿಯಾಗಿ ಕಾಣುತ್ತವೆ.

ಇದು ನಮಗೆ ದೂರದ ವಿಷಯವೂ ಅಲ್ಲ. ಪಶ್ಚಿಮ ಮಾರುತಗಳ ತಗ್ಗು ಉತ್ತರ ಭಾರತದತ್ತ ಇಳಿದು ಬರುವುದಕ್ಕೂ ಮುಂಗಾರು ಬಿಡುವು ಕೊಡುವುದಕ್ಕೂ ಇರುವ ನಂಟನ್ನು ಹವಾಮಾನ ವಿಜ್ಞಾನಿ ಸಿ. ರಾಮಸ್ವಾಮಿ 1962ರಲ್ಲೇ ವಿವರಿಸಿದ್ದರು. ಆಗ ಮಳೆ ಹಿಮಾಲಯದ ತಪ್ಪಲಿಗೆ ಸರಿಯುತ್ತದೆ, ಕರಾವಳಿಯಲ್ಲಿ ಬಿಸಿಲು ಕಾಣುತ್ತದೆ. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಹೊಳವಿಗಾಗಿ ಕಾಯುವವರಿಗೆ ಆ ನಾಲ್ಕು ದಿನ ಎಲ್ಲಿಂದ ಬಂದವು ಎಂದು ತಿಳಿಯುವ ಹಕ್ಕಿದೆ.

ತಿಂಗಳ ಸರಾಸರಿಗೂ ಒಂದು ಮಿತಿಯಿದೆ. ಮೊದಲ ಹದಿನೈದು ದಿನ ಉಬ್ಬು, ಉಳಿದ ಹದಿನೈದು ದಿನ ತಗ್ಗು ಇದ್ದರೆ ಸರಾಸರಿ ‘ವಾಡಿಕೆಯಷ್ಟೇ’ ಎಂದು ಬರುತ್ತದೆ. ಅಲ್ಲಿನವರು ಸುಡುಬಿಸಿಲನ್ನೂ ಕೊರೆವ ಚಳಿಯನ್ನೂ ಉಂಡಿರುತ್ತಾರೆ. ತಿಂಗಳ ಅಂಚಿನಲ್ಲೂ ಎಚ್ಚರ ಬೇಕು. ನಮ್ಮಲ್ಲಿ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, ಆದ್ದರಿಂದ ಮೇ 31ರ ಸಂಜೆಯ ಮಳೆ ಜೂನ್ 1ರ ಲೆಕ್ಕಕ್ಕೆ ಸೇರುತ್ತದೆ.

ನಿಮ್ಮ ಪತ್ರಿಕೆ ತಿಂಗಳಿಗೊಮ್ಮೆ ಕಾಲು ಪುಟ ಕೊಟ್ಟು 500 ಹೆಕ್ಟೊಪಾಸ್ಕಲ್, ಉಷ್ಣಾಂಶ, ಮಳೆ ಈ ಮೂರು ನಕ್ಷೆಗಳನ್ನು ಒಂದರ ಕೆಳಗೊಂದು ಅಚ್ಚು ಹಾಕಬೇಕೆಂದು ಕೇಳಿಕೊಳ್ಳುತ್ತೇವೆ. ಪ್ರತಿಯೊಂದರ ಅಡಿಯಲ್ಲಿ ಯಾವ ವರ್ಷಗಳ ವಾಡಿಕೆ ಎಂದಿರಲಿ. ಗೋಡೆಗೆ ತೂಗುಹಾಕುವ ಮಾಮೂಲು ಭೂಪಟದ ಮಾದರಿ ಬೇಡ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜಕ್ಕೂ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು. ಧ್ರುವದ ಕಡೆಯ ಒಂದು ಕೆಂಪು ಮಚ್ಚೆಗೆ ಇಡೀ ಜಗತ್ತೇ ಹೊತ್ತಿಕೊಂಡಂತೆ ತೋರುವುದು ಅದರಿಂದಲೇ.

– ಕೆಲವು ಭೂಗೋಳ ಶಿಕ್ಷಕರು, ಉಡುಪಿ