ದಿನಬಾಡಿಗೆ ಮನೆಗಳು: ಹೊಣೆ ಆಪ್‌ಗಳಿಗೂ ಇರಲಿ

ಮಾನ್ಯ ಸಂಪಾದಕರೇ,

ದಸರಾ ಹತ್ತಿರವಾದಂತೆಲ್ಲ ಮೈಸೂರಿನ ವಸತಿ ಬಡಾವಣೆಗಳಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಮನೆಗಳ ಕುರಿತು ಹಳೆಯ ಚರ್ಚೆಯೇ ಮತ್ತೆ ಶುರುವಾಗುತ್ತದೆ. ಇವು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿವೆ ಎಂದು ಹೋಟೆಲಿನವರು ಹೇಳುತ್ತಾರೆ. ನಮ್ಮ ಮನೆ, ನಮ್ಮಿಷ್ಟ ಎಂದು ಮಾಲೀಕರು ಹೇಳುತ್ತಾರೆ. ನಿಯಮಗಳು ಈಗಾಗಲೇ ಇವೆಯಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ನನಗೆ ತಕರಾರಿರುವುದು ಈ ಕೊನೆಯ ಮಾತಿನ ಬಗ್ಗೆ. ನಿಯಮ ಇರುವುದು ನಿಜವಾದರೂ, ಅದನ್ನು ಯಾರು ಯಾವ ಹಂತದಲ್ಲಿ ಪರಿಶೀಲಿಸಬೇಕು ಎಂಬುದು ತೀರ್ಮಾನವಾಗದಿದ್ದರೆ ಅದು ಕಡತದಲ್ಲೇ ಉಳಿಯುತ್ತದೆ.

ನ್ಯೂಯಾರ್ಕ್ ನಗರದ ಅನುಭವ ಇದಕ್ಕೆ ಒಳ್ಳೆಯ ಸಾಕ್ಷಿ. ಮೂರು ಅಥವಾ ಹೆಚ್ಚು ಕುಟುಂಬಗಳಿರುವ ವಸತಿ ಕಟ್ಟಡದಲ್ಲಿ, ಅಲ್ಲಿನ ಕಾಯಂ ನಿವಾಸಿ ತಾನೂ ಮನೆಯಲ್ಲಿ ಇರದೆ, 30 ದಿನಕ್ಕಿಂತ ಕಡಿಮೆ ಅವಧಿಗೆ ಇಡೀ ಮನೆಯನ್ನು ಬಾಡಿಗೆಗೆ ಕೊಡಬಾರದು ಎಂದು ಆ ರಾಜ್ಯ 2010ರಲ್ಲೇ ಕಾನೂನು ತಿದ್ದಿತ್ತು. ಆದರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಏರ್‌ಬಿಎನ್‌ಬಿ ಮುಂತಾದ ಆಪ್‌ಗಳಲ್ಲಿ ಅಂಥ ಮನೆಗಳು ಸಾವಿರಾರು ಸಂಖ್ಯೆಯಲ್ಲಿ ರಾಜಾರೋಷವಾಗಿ ಬುಕ್ ಆಗುತ್ತಿದ್ದವು. 2022ರಲ್ಲಿ ನಗರಾಡಳಿತ ‘ಸ್ಥಳೀಯ ಕಾನೂನು 18’ ಅನ್ನು ತಂದು, 2023ರ ಸೆಪ್ಟೆಂಬರ್ 5ರಿಂದ ಜಾರಿಗೊಳಿಸಿದ ಮೇಲಷ್ಟೇ ಚಿತ್ರ ಬದಲಾಯಿತು. ಮಾಲೀಕರು ನಗರಾಡಳಿತದಲ್ಲಿ ನೋಂದಣಿ ಮಾಡಿಸಬೇಕು, ಅತಿಥಿಗಳು ತಂಗಿರುವಾಗ ತಾವೂ ಮನೆಯಲ್ಲಿರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇರಿಸಿಕೊಳ್ಳಬಾರದು ಎಂಬುದು ನಿಯಮದ ಒಂದು ಭಾಗ. ನಿಜವಾಗಿ ಕೆಲಸ ಮಾಡಿದ್ದು ಇನ್ನೊಂದು ಭಾಗ: ನೋಂದಣಿ ಸಂಖ್ಯೆಯನ್ನು ತಾಳೆ ನೋಡದೆ ಬುಕಿಂಗ್ ಮಾಡಿಕೊಟ್ಟು ಹಣ ಪಡೆಯುವ ಆಪ್ ಕಂಪನಿಗೇ ಪ್ರತಿ ಪ್ರಕರಣಕ್ಕೆ 1,500 ಡಾಲರ್‌ವರೆಗೆ ದಂಡ. ಕಂಪನಿ ನ್ಯಾಯಾಲಯದ ಮೆಟ್ಟಿಲೇರಿದರೂ ಅರ್ಜಿ ವಜಾ ಆಯಿತು. ಪೊಲೀಸರು ಮನೆಮನೆ ಅಲೆಯದೆಯೇ ಅನಧಿಕೃತ ಮನೆಗಳಲ್ಲಿ ಬಹುಪಾಲು ಪಟ್ಟಿಯಿಂದ ಇಳಿದುಹೋದವು.

ಹಾಗೆಂದು ನ್ಯೂಯಾರ್ಕಿನದನ್ನು ಯಥಾವತ್ ಇಲ್ಲಿಗೆ ತರಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಹೋಟೆಲ್ ದರ ಏರಿತು, ನದಿಯಾಚೆಗಿನ ನ್ಯೂಜೆರ್ಸಿಯ ಊರುಗಳಲ್ಲಿ ದಿನಬಾಡಿಗೆ ಮನೆಗಳಿಗೆ ಬೇಡಿಕೆ ಹೆಚ್ಚಿತು, ಸಾಮಾನ್ಯರ ಮನೆ ಬಾಡಿಗೆಯಂತೂ ಇಳಿಯಲಿಲ್ಲ. ಸ್ವಂತ ಸಣ್ಣ ಮನೆಯ ಒಂದು ಭಾಗವನ್ನು ಕೊಟ್ಟು ಸಾಲದ ಕಂತು ಕಟ್ಟಿಕೊಳ್ಳುತ್ತಿದ್ದವರು, ಹತ್ತಾರು ಮನೆ ಹಿಡಿದು ವ್ಯಾಪಾರ ಮಾಡುತ್ತಿದ್ದವರ ಜೊತೆಗೇ ಪೆಟ್ಟು ತಿಂದು, ಈಗ ವಿನಾಯಿತಿ ಕೇಳುತ್ತಿದ್ದಾರೆ. ಬೇರೆ ನಗರಗಳು ಬೇರೆ ದಾರಿ ಹಿಡಿದಿವೆ. ಲಂಡನ್ನಿನಲ್ಲಿ ಇಡೀ ಮನೆಯನ್ನು ಹೀಗೆ ಕೊಡುವುದಾದರೆ ವರ್ಷಕ್ಕೆ 90 ರಾತ್ರಿಗಳ ಮಿತಿಯಿದೆ. ಬಾರ್ಸಿಲೋನಾ ತನ್ನ 10,101 ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನವೆಂಬರ್ ಬಳಿಕ ನವೀಕರಿಸುವುದೇ ಇಲ್ಲ ಎಂದು ಘೋಷಿಸಿದೆ. ಬಾರ್ಸಿಲೋನಾದಷ್ಟು ಕಠಿಣವಾಗುವ ಸ್ಥಿತಿ ಮೈಸೂರಿಗೆ ಬಂದಿಲ್ಲ, ಬರುವುದೂ ಬೇಡ.

ನಮ್ಮ ಊರಿನ ಸಮಸ್ಯೆಯ ಸ್ವರೂಪ ನಮ್ಮ ಬೀದಿಯಲ್ಲೇ ಕಾಣುತ್ತದೆ. ನಾಲ್ಕು ಮನೆ ಆಚೆಗೆ 40x60 ನಿವೇಶನದಲ್ಲಿರುವ ಹಳೆಯ ಮನೆಯೊಂದರ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಬೀಗದ ಕೈ ಕರೆಂಟ್ ಮೀಟರಿನ ಪಕ್ಕದ ನಂಬರ್ ಲಾಕಿನ ಡಬ್ಬಿಯಲ್ಲಿರುತ್ತದೆ. ಬಂದವರು ಮೊಬೈಲಿಗೆ ಬಂದ ಅಂಕಿಗಳನ್ನು ಒತ್ತಿ ಒಳಗೆ ಹೋಗುತ್ತಾರೆ. ಅವರ ಗುರುತಿನ ಚೀಟಿಯನ್ನು ಮುಖಕ್ಕೆ ತಾಳೆ ಹಾಕಿ ನೋಡುವವರು ಯಾರೂ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಶುಕ್ರವಾರ ರಾತ್ರಿ ಹೊರಟರೂ ಬೇಗ ತಲುಪಬಹುದಾದ್ದರಿಂದ, ವಾರಾಂತ್ಯದಲ್ಲಿ ಮೂರ್ನಾಲ್ಕು ಕಾರುಗಳು ಅಕ್ಕಪಕ್ಕದವರ ಗೇಟಿಗೆ ಅಡ್ಡ ನಿಲ್ಲುತ್ತವೆ. ಭಾನುವಾರ ಮಧ್ಯಾಹ್ನ ಅವರು ಹೊರಟ ಮೇಲೆ ಹಸಿ ಕಸ, ಒಣ ಕಸ, ಬಾಟಲಿಗಳೆಲ್ಲ ಒಂದೇ ಚೀಲದಲ್ಲಿ ಬೀದಿ ಮೂಲೆಗೆ ಬಂದು ಬೀಳುತ್ತವೆ. ಸೋಮವಾರ ಬೆಳಿಗ್ಗೆ ಬರುವ ಪೌರಕಾರ್ಮಿಕರು ವಿಂಗಡಿಸದ ಆ ಕಸಕ್ಕೆ ನಮ್ಮನ್ನು ಪ್ರಶ್ನಿಸುತ್ತಾರೆ. ಅದೇ ಬೀದಿಯ ಕೊನೆಯಲ್ಲಿ ವಯಸ್ಸಾದ ದಂಪತಿ ಮಹಡಿಯ ಎರಡು ಕೋಣೆಗಳನ್ನು ಹೀಗೆಯೇ ಕೊಡುತ್ತಾರೆ. ಅಲ್ಲಿ ರಿಜಿಸ್ಟರ್ ಪುಸ್ತಕವಿದೆ, ರಾತ್ರಿ ಹತ್ತರ ಮೇಲೆ ಗಲಾಟೆ ಮಾಡಿದರೆ ಅಜ್ಜಿಯೇ ಮೆಟ್ಟಿಲು ಹತ್ತಿ ಹೋಗುತ್ತಾರೆ. ಆ ಮನೆಯ ಬಗ್ಗೆ ಬೀದಿಯಲ್ಲಿ ಯಾರಿಗೂ ದೂರಿಲ್ಲ.

ಈ ವ್ಯತ್ಯಾಸವನ್ನು ನಮ್ಮ ನಿಯಮಗಳು ಗುರುತಿಸಿಲ್ಲವೆಂದಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಯೋಜನೆಯಲ್ಲಿ ಮಾಲೀಕರು ಕುಟುಂಬದೊಂದಿಗೆ ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಗೆ ಕೊಡುವ ಕೋಣೆಗಳು ಆರನ್ನು ಮೀರಬಾರದು ಎಂಬ ಷರತ್ತಿದೆ. ರಾಜ್ಯ ಪ್ರವಾಸೋದ್ಯಮ ಇಲಾಖೆಯೂ ಹೋಂಸ್ಟೇಗಳನ್ನು ನೋಂದಾಯಿಸುತ್ತದೆ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಮಾಹಿತಿ ಸಲ್ಲಿಸುವುದು ಕಡ್ಡಾಯ. ಆದರೆ ಬುಕಿಂಗ್ ಆಪ್‌ಗಳಲ್ಲಿ ನಾನು ನೋಡಿದ ಮೈಸೂರಿನ ಮನೆಗಳ ಪುಟಗಳಲ್ಲಿ ಈಜುಕೊಳದ ಚಿತ್ರವಿತ್ತು, ವೈಫೈ ವೇಗವಿತ್ತು. ನೋಂದಣಿ ಸಂಖ್ಯೆ ಇರಲಿಲ್ಲ. ಕೇಳುವವರಿಲ್ಲದ ಮೇಲೆ ಮಾಲೀಕರಾದರೂ ಕಚೇರಿಗೆ ಏಕೆ ಅಲೆದಾರು?

ಆಪ್‌ಗಳಿಗೆ ಇಂಥ ಹೊಣೆ ಹೊರಿಸುವುದು ಕಷ್ಟ ಎಂಬ ವಾದವನ್ನು ಒಪ್ಪಲಾಗದು, ಏಕೆಂದರೆ ತೆರಿಗೆಯ ವಿಷಯದಲ್ಲಿ ಸರ್ಕಾರ ಇದನ್ನು ಆಗಲೇ ಮಾಡಿದೆ. ಜಿಎಸ್‌ಟಿ ನೋಂದಣಿಯ ಮಿತಿಯೊಳಗೆ ಬರದ ಸಣ್ಣ ವಸತಿದಾರರ ಕೋಣೆ ಆಪ್ ಮೂಲಕ ಬುಕ್ ಆದರೆ, ಕಾಯ್ದೆಯ 9(5)ನೇ ಸೆಕ್ಷನ್ ಪ್ರಕಾರ ಆ ತೆರಿಗೆಯನ್ನು ಆಪ್ ಕಂಪನಿಯೇ ಕಟ್ಟಬೇಕು. ತೆರಿಗೆಗೆ ಲೆಕ್ಕ ಇಡಬಲ್ಲ ಕಂಪನಿಗೆ ನೋಂದಣಿ ಸಂಖ್ಯೆಯ ಒಂದು ಅಂಕಣ ಸೇರಿಸುವುದು ಯಾವ ದೊಡ್ಡ ಕೆಲಸ? ಖಜಾನೆಗೆ ಬರುವ ಹಣಕ್ಕೆ ತೋರಿಸಿದ ಮುತುವರ್ಜಿಯನ್ನು ಬೀದಿಯ ನೆಮ್ಮದಿಗೂ ತೋರಿಸಲಿ ಎಂದು ಕೇಳುವುದು ಅತಿಯಾಸೆಯಲ್ಲ.

ನಿಯಮ ರೂಪಿಸುವಾಗ ಮೈಸೂರಿನದೇ ಎರಡು ಸಂಗತಿಗಳನ್ನು ಮರೆಯಬಾರದು. ಗೋಕುಲಂನಲ್ಲಿ ಯೋಗಾಭ್ಯಾಸಕ್ಕೆ ಬರುವ ವಿದೇಶಿಯರು ಸಾಮಾನ್ಯವಾಗಿ ತಿಂಗಳುಗಟ್ಟಲೆ ಇರುತ್ತಾರೆ. ಆ ಬಡಾವಣೆಯ ಎಷ್ಟೋ ಕುಟುಂಬಗಳ ಆದಾಯ ಅವರಿಂದಲೇ ಬರುತ್ತದೆ. 30 ದಿನ ಮೀರಿದ ವಾಸವನ್ನು ಈ ನಿಯಂತ್ರಣದಿಂದ ಹೊರಗಿಟ್ಟರೆ ಅವರಿಗೆ ತೊಂದರೆಯಾಗದು. ಎರಡನೆಯದು ದಸರಾ. ಆ ಹತ್ತು ದಿನ ಊರಿನ ಹೋಟೆಲ್ ಕೋಣೆಗಳು ಸಾಲುವುದಿಲ್ಲ, ಇರುವವುಗಳ ದರವೂ ಗಗನಕ್ಕೇರುತ್ತದೆ. ಜಂಬೂಸವಾರಿ, ಪಂಜಿನ ಕವಾಯತು ನೋಡಬೇಕೆಂದು ಬರುವ ಮಧ್ಯಮ ವರ್ಗದ ಕುಟುಂಬಗಳಿಗೆ ಮನೆಗಳೇ ಆಸರೆ. ಆದ್ದರಿಂದ ಆ ಅವಧಿಗೆ ಮಾತ್ರ, ಸ್ಥಳೀಯ ಠಾಣೆಗೆ ಮಾಹಿತಿ ಕೊಟ್ಟು, ಮಾಲೀಕರು ವಾಸವಿಲ್ಲದ ಮನೆಗಳಿಗೂ ತಾತ್ಕಾಲಿಕ ಅನುಮತಿ ನೀಡಬಹುದು. ವರ್ಷವಿಡೀ ಹಾಗೆ ನಡೆಸುವವರು ಮಾತ್ರ ಉದ್ದಿಮೆ ಪರವಾನಗಿ ಪಡೆದು, ವಾಣಿಜ್ಯ ದರದ ವಿದ್ಯುತ್ ಮತ್ತು ಆಸ್ತಿ ತೆರಿಗೆ ಕಟ್ಟಿ, ಬೀದಿಯವರು ರಾತ್ರಿ ಕರೆ ಮಾಡಿದರೆ ಉತ್ತರಿಸುವ ಸ್ಥಳೀಯ ವ್ಯಕ್ತಿಯೊಬ್ಬರ ಹೆಸರು, ಫೋನ್ ಸಂಖ್ಯೆಯನ್ನು ಗೇಟಿನ ಮೇಲೆ ಹಾಕಬೇಕು.

ಮಹಾನಗರ ಪಾಲಿಕೆ ಮತ್ತು ಪ್ರವಾಸೋದ್ಯಮ ಇಲಾಖೆಗಳು ಜಂಟಿಯಾಗಿ, ನೋಂದಾಯಿತ ಮನೆಗಳ ಪಟ್ಟಿಯನ್ನು ವಾರ್ಡುವಾರು ಪ್ರಕಟಿಸುವುದನ್ನು ಮೊದಲ ಹೆಜ್ಜೆಯಾಗಿ ಕೈಗೊಳ್ಳಲಿ. ಪಟ್ಟಿಯಲ್ಲಿಲ್ಲದ ಮನೆಯನ್ನು ಬುಕಿಂಗಿಗೆ ಇಡಕೂಡದು ಎಂಬ ಲಿಖಿತ ಸೂಚನೆಯನ್ನು ರಾಜ್ಯ ಸರ್ಕಾರ ಆಪ್ ಕಂಪನಿಗಳಿಗೆ ಮುಂದಿನ ದಸರೆಯ ಬುಕಿಂಗ್ ಆರಂಭವಾಗುವ ಮೊದಲೇ ಕಳುಹಿಸಲಿ.

— ಒಬ್ಬ ಹಿರಿಯ ನಾಗರಿಕ, ಸರಸ್ವತಿಪುರಂ, ಮೈಸೂರು