ಅಮೆರಿಕದ ಪಾಸ್‌ಪೋರ್ಟ್ ಒಂದೇ ಇದ್ದರೆ ಗಂಡನಿಗೆ ವೀಸಾ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಧೂವರ ಅಂಕಣದಲ್ಲಿ ‘ಅಮೆರಿಕದಲ್ಲಿ ಹುಟ್ಟಿದ, ಅಲ್ಲಿಯ ಪೌರತ್ವ ಇರುವ ವಧು’ ಎನ್ನುವ ಸಾಲು ಈಗೀಗ ಆಗಾಗ ಕಣ್ಣಿಗೆ ಬೀಳುತ್ತದೆ. ಅಪ್ಪ ಅಮ್ಮ ಕೆಲಸಕ್ಕೆಂದು ಅಲ್ಲಿದ್ದಾಗ ಹುಟ್ಟಿ, ಆಮೇಲೆ ಊರಿಗೆ ಬಂದು ಬದಿಯಡ್ಕ, ಪೆರ್ಲ, ಪುತ್ತೂರು ಅಂತ ಇಲ್ಲೇ ಕಲಿತು ದೊಡ್ಡವರಾದ ಮಕ್ಕಳು ಇವರು. ನನ್ನ ಸೊಸೆಯೂ ಅಂಥವಳೇ. ಆ ಸಾಲು ಓದಿದ ಗಂಡಿನ ಮನೆಯವರು ಮನಸ್ಸಿನಲ್ಲೇ ಏನು ಲೆಕ್ಕ ಹಾಕುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ನೆಂಟರಿಷ್ಟರೆಲ್ಲ ಮಗನ ನಿಶ್ಚಿತಾರ್ಥದ ದಿನವೇ ಆ ಲೆಕ್ಕ ಹೇಳಿ ಮುಗಿಸಿದ್ದರು. "ಹುಡುಗಿ ಅಲ್ಲಿಯವಳೇ ಅಲ್ವಾ ಅಕ್ಕಾ, ಹುಡುಗನನ್ನೂ ಕರ್ಕೊಂಡು ಹೋಗ್ತಾಳೆ ಬಿಡಿ." ಪೇಟೆಯ ಏಜೆಂಟರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಟೀಚರೇ, ಆರು ತಿಂಗಳು ಸಾಕು, ನೀವು ಅಡ್ವಾನ್ಸ್ ಕೊಡಿ, ಮಿಕ್ಕಿದ್ದು ನನಗಿರಲಿ" ಎಂದರು. ಇಂಥ ಮಾತು ನಂಬಿ ದುಡ್ಡು ಕೊಟ್ಟವರು, ಇದ್ದ ಕೆಲಸ ಬಿಟ್ಟು ಕಾದು ಕುಳಿತವರು ನಮ್ಮ ಸುತ್ತಮುತ್ತ ಇದ್ದಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಹಾಕಿ.

ನಮ್ಮ ಕಾಸರಗೋಡಿನವರಿಗೆ ಫ್ಯಾಮಿಲಿ ವೀಸಾ ಅಂದರೆ ಗಲ್ಫ್‌ನದ್ದು. ದುಬೈಯಲ್ಲಿ ಗಂಡನಿಗೆ ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವಾದರೆ 3,000 ದಿರ್ಹಮ್ ಮತ್ತು ವಸತಿ ಇದ್ದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದು. ಮದುವೆ ಸರ್ಟಿಫಿಕೇಟಿಗೆ ಅಟೆಸ್ಟೇಶನ್, ಅಂದರೆ ಇದು ಅಸಲಿ ಎಂಬ ಸರಕಾರಿ ಮುದ್ರೆ, ಮಾಡಿಸಿ ಕಳುಹಿಸಿದರೆ ಮುಂದಿನ ಕೆಲಸ ಬೇಗ ಆಗುತ್ತದೆ. ಅಲ್ಲಿ ಕರೆಸುವವನು ಮೊದಲೇ ಅಲ್ಲಿದ್ದಾನೆ, ದುಡಿಯುತ್ತಿದ್ದಾನೆ. ನನ್ನ ಸೊಸೆಯದ್ದು ಇದಕ್ಕೆ ತೀರಾ ಉಲ್ಟಾ. ಅವಳ ಪಾಸ್‌ಪೋರ್ಟ್ ಅಮೆರಿಕದ್ದು. ಮನೆ, ಕೆಲಸ, ಬ್ಯಾಂಕ್ ಖಾತೆ ಎಲ್ಲ ಕಾಸರಗೋಡಿನಲ್ಲಿ. ಅಮೆರಿಕದ ಸರಕಾರ ಕೇಳುವುದೇ ಇದನ್ನು: ನೀನು ಅಲ್ಲಿ ವಾಸ ಇಲ್ಲ, ಹಾಗಿದ್ದರೆ ಗಂಡನನ್ನು ಎಲ್ಲಿಗೆ ಕರೆಯುತ್ತಿದ್ದೀಯಾ?

ಮೊದಲಿನ ಹಂತ ಕಷ್ಟದ್ದಲ್ಲ. ಐ-130 ಎಂಬ ಅರ್ಜಿಯನ್ನು ಹೆಂಡತಿ ಹಾಕಬೇಕು. 2024ರ ಏಪ್ರಿಲ್‌ನಿಂದ ಅದರ ಶುಲ್ಕ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಾದರೆ 675. ಪೌರರ ಗಂಡ ಅಥವಾ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಗ್ರೀನ್ ಕಾರ್ಡ್, ಅಂದರೆ ಪೌರತ್ವ ಇಲ್ಲದೆ ಖಾಯಂ ವಾಸದ ಅನುಮತಿ ಮಾತ್ರ ಇರುವವರು ಕರೆಸುವುದಾದರೆ ಮಿತಿ ಇದೆ, ಸರದಿ ಕಾಯಬೇಕು. ಈ ವ್ಯತ್ಯಾಸವನ್ನು ಮದುವೆ ಮಾತುಕತೆಯಲ್ಲೇ ಕೇಳಿ ತಿಳಿದುಕೊಳ್ಳಿ. ಸರದಿ ಇಲ್ಲದಿದ್ದರೂ ಅರ್ಜಿ ಪರಿಶೀಲನೆಗೇ ಒಂದು ವರ್ಷ ದಾಟುವುದು ಸಾಮಾನ್ಯ, ಆರು ತಿಂಗಳಿನ ಮಾತು ಸುಮ್ನೆ. ಅದು ಪಾಸಾದ ಮೇಲೆ ಫೈಲು ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ 325 ಮತ್ತು 120 ಡಾಲರಿನ ಎರಡು ಶುಲ್ಕ. ನಮ್ಮ ಹುಡುಗರ ಫೈಲು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಇಲ್ಲಿ ಸೊಸೆ ಐ-864 ಎಂಬ ಫಾರ್ಮ್ ತುಂಬಬೇಕು. ಗಂಡನನ್ನು ನಾನು ಸಾಕುತ್ತೇನೆ, ಅವನು ಸರಕಾರಕ್ಕೆ ಭಾರ ಆಗುವುದಿಲ್ಲ ಎಂಬ ಮುಚ್ಚಳಿಕೆ ಅದು. ಅದರಲ್ಲಿ ನೀವು ವಾಸ ಇರುವ ದೇಶ ಯಾವುದು ಎಂದು ಕೇಳುವ ಒಂದು ಸಣ್ಣ ಜಾಗ ಇದೆ. ಅವಳು ಪ್ರಾಮಾಣಿಕವಾಗಿ ಇಂಡಿಯಾ ಎಂದು ಬರೆದರೆ, ಹಾಗಾದರೆ ನೀನು ಅಮೆರಿಕಕ್ಕೆ ಮರಳಿ ವಾಸಕ್ಕೆ ಹೋಗುತ್ತೀ ಎಂಬುದಕ್ಕೆ ಪುರಾವೆ ಕೊಡು ಎನ್ನುತ್ತಾರೆ. ಏಜೆಂಟರು ಇದಕ್ಕೆ ಹೇಳಿದ ಉಪಾಯ, ಅವಳನ್ನು ಮೊದಲು ಒಬ್ಬಳನ್ನೇ ಕಳುಹಿಸಿ, ಗಂಡ ಆಮೇಲೆ ಹೋಗಲಿ ಎಂದು. ಮನೆಯಲ್ಲಿ ಎದೆಹಾಲು ಕುಡಿಯುವ ಮಗು ಇದೆ. ಅದನ್ನು ಬಿಟ್ಟು ಹೋಗು ಎಂದು ಯಾವ ಬಾಯಿಂದ ಹೇಳುವುದು? ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಮಗ, ಸೊಸೆ, ನಾನು ಮೂವರೂ ಕುಳಿತು ಆ ಫಾರ್ಮಿನ ಜೊತೆಗಿರುವ ಸೂಚನೆಗಳನ್ನು ಸಾಲು ಸಾಲಾಗಿ ಓದಿದೆವು. ಮೊದಲೇ ಹೋಗಿ ಕೂರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಗಂಡ ಅಲ್ಲಿ ಕಾಲಿಡುವ ದಿನಕ್ಕೆ ಅವಳೂ ಅಲ್ಲಿ ವಾಸ ಶುರು ಮಾಡಿರಬೇಕು, ಅಷ್ಟೇ. ಒಂದೇ ವಿಮಾನದಲ್ಲಿ ಹೋಗಿ ಇಳಿದರೂ ಸಾಕು. ಆದರೆ ಹೋಗುವ ಉದ್ದೇಶ ನಿಜ ಎಂದು ಇಲ್ಲಿಂದಲೇ ತೋರಿಸಬೇಕು. ಅಲ್ಲಿಯ ಬ್ಯಾಂಕಿನಲ್ಲಿ ಖಾತೆ, ಕೆಲಸಕ್ಕೆ ಹಾಕಿದ ಅರ್ಜಿಗಳು ಮತ್ತು ಬಂದ ಉತ್ತರಗಳು, ಮನೆ ಬಾಡಿಗೆಗೆ ಅಥವಾ ನೆಂಟರ ಮನೆಯಲ್ಲಿ ಇರುವುದಕ್ಕೆ ಕಾಗದ, ಮತದಾರಳಾಗಿ ಹೆಸರು, ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಡುವ ತಯಾರಿ, ಹೀಗೆ ಯಾವುದಿದ್ದರೂ ಜೊತೆಗಿಡಬಹುದು. ಸೊಸೆಯ ಚಿಕ್ಕಮ್ಮ ಮಿಷಿಗನ್‌ನಲ್ಲಿದ್ದಾರೆ. ನಮ್ಮ ಮನೆಯ ಮಹಡಿಯ ಕೋಣೆ ಇವರಿಗೆ ಎಂದು ಬರೆದು, ಸಹಿ ಮಾಡಿ, ಕರೆಂಟ್ ಬಿಲ್ಲಿನ ಪ್ರತಿ ಇಟ್ಟು ಕಳುಹಿಸಿದರು. ಮಗು ಅಮ್ಮನ ಜೊತೆಗೇ ಇರುತ್ತದೆ ಎಂದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಮತ್ತೆ ಮಾತು ನಗು ಕೇಳಿಸಿತು. ಬೇರೆ ಮನೆಗಳಲ್ಲಿ ಇದನ್ನು ಹೇಳುವವರು ಇಲ್ಲದೆ ಎಷ್ಟು ಹೆಣ್ಣುಮಕ್ಕಳು ಸುಮ್ನೆ ಒಬ್ಬೊಬ್ಬರೇ ಹೋಗಿ ಅಲ್ಲಿ ಅಳುತ್ತಾ ಕೂತಿದ್ದಾರೋ ಎಂದು ನನಗೆ ಸಂಕಟ ಆಗುತ್ತದೆ.

ವಾಸದ ಪ್ರಶ್ನೆ ಮುಗಿದರೆ ಆದಾಯದ್ದು. ಅಲ್ಲಿಯ ಬಡತನದ ರೇಖೆಯ 125 ಶೇಕಡಾದಷ್ಟು ಆದಾಯ ತೋರಿಸಬೇಕು. 2025ರ ಲೆಕ್ಕದಲ್ಲಿ ಇಬ್ಬರಿಗೆ ವರ್ಷಕ್ಕೆ 26,437 ಡಾಲರ್, ಮೂವರಿಗೆ 33,312. ಇಲ್ಲಿಯ ಶಾಲೆಯ ಸಂಬಳ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಗೆ ಹೋದ ಮೇಲೂ ಮುಂದುವರಿಯುವ ಆದಾಯ ಮಾತ್ರ ಬರುತ್ತದೆ. ಆದಾಯ ಇಲ್ಲದಿದ್ದರೆ ಆಸ್ತಿ ತೋರಿಸಬಹುದು, ಆದರೆ ಪೌರರ ಗಂಡ ಹೆಂಡತಿಗೆ ಕೊರತೆಯ ಮೂರು ಪಟ್ಟು. ಲೆಕ್ಕಕ್ಕೆ ಬರುವ ಆದಾಯ ಏನೂ ಇಲ್ಲದ ನನ್ನ ಸೊಸೆಗೆ ಮೂವರ ಲೆಕ್ಕದಲ್ಲಿ ಅದು ಒಂದು ಲಕ್ಷ ಡಾಲರಿನ ಹತ್ತಿರ. "ಅಡಿಕೆ ತೋಟ ಇದೆಯಲ್ಲ" ಎಂದರು ಕೆಲವರು. ಆ ಆಸ್ತಿ ಒಂದು ವರ್ಷದೊಳಗೆ ಹೆಚ್ಚು ನಷ್ಟ ಇಲ್ಲದೆ ನಗದು ಆಗುವಂತಿರಬೇಕು. ಅಜ್ಜನ ಹೆಸರಿನಲ್ಲಿರುವ, ಪಾಲಾಗದ ತೋಟ ಹೇಗೆ ಆಗುತ್ತದೆ ಹೇಳಿ.

ಹಾಗಾಗಿ ಹೆಚ್ಚಿನವರು ಅಲ್ಲಿರುವ ಮಾವನನ್ನೋ ದೊಡ್ಡಪ್ಪನನ್ನೋ ಜಂಟಿ ಪ್ರಾಯೋಜಕರಾಗಲು, ಅಂದರೆ ಹೆಂಡತಿಯ ಜೊತೆಗೆ ತಾವೂ ಅಂಥದೇ ಮುಚ್ಚಳಿಕೆಗೆ ಸಹಿ ಹಾಕಲು, ಕೇಳುತ್ತಾರೆ. ಕೇಳುವ ಮೊದಲು ಆ ಸಹಿಯ ಭಾರ ತಿಳಿದಿರಬೇಕು, ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಅದು ಬರೀ ಶಿಫಾರಸು ಪತ್ರ ಅಲ್ಲ, ಕೋರ್ಟಿನಲ್ಲಿ ನಿಲ್ಲುವ ಕರಾರು. ಹೋದವನು ಅಲ್ಲಿಯ ಪೌರ ಆಗುವವರೆಗೆ, ಇಲ್ಲವೇ ಸುಮಾರು 10 ವರ್ಷ ದುಡಿದ ಲೆಕ್ಕ ತುಂಬುವವರೆಗೆ, ಇಲ್ಲವೇ ದೇಶ ಬಿಟ್ಟು ಖಾಯಂ ಹೊರಡುವವರೆಗೆ ಅದು ಜಾರಿಯಲ್ಲಿರುತ್ತದೆ. ಗಂಡ ಹೆಂಡತಿ ಡೈವೋರ್ಸ್ ಮಾಡಿಕೊಂಡರೂ ರದ್ದಾಗುವುದಿಲ್ಲ! ಇಬ್ಬರು ಮಕ್ಕಳಿರುವ ದಂಪತಿ ನಮ್ಮ ಹುಡುಗನಿಗೆ ಸಹಿ ಹಾಕುವುದಾದರೆ 2025ರ ರೇಖೆಯ ಪ್ರಕಾರ ಐವರ ಲೆಕ್ಕದಲ್ಲಿ 47,062 ಡಾಲರ್ ಆದಾಯ ತೋರಿಸಬೇಕು, ತೆರಿಗೆಯ ಕಾಗದ ಕೊಡಬೇಕು. ಅವರು ಹಿಂದೆ ಮುಂದೆ ನೋಡಿದರೆ "ಅಮೆರಿಕಕ್ಕೆ ಹೋಗಿ ಬದಲಾದರು" ಎಂದು ಊರಿಡೀ ಹೇಳಿಕೊಂಡು ಬರುವುದು ನ್ಯಾಯ ಅಲ್ಲ. ಇನ್ನೊಂದು ಮಾತು, ಜಂಟಿ ಪ್ರಾಯೋಜಕರು ಸಿಕ್ಕಿದರೂ ಹೆಂಡತಿಯ ವಾಸದ ಷರತ್ತು ತಪ್ಪುವುದಿಲ್ಲ. ಅವಳೂ ತನ್ನ ಫಾರ್ಮ್ ಕೊಡಲೇಬೇಕು, ಅದಕ್ಕೆ ಅವಳಿಗೆ ಅಲ್ಲಿಯ ಸರಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕೇ ಬೇಕು.

ತೆರಿಗೆಯ ವಿಷಯ ಯಾರೂ ಹೇಳುವುದಿಲ್ಲ. ಅಮೆರಿಕದ ಪೌರರು ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಅಲ್ಲಿಗೆ ರಿಟರ್ನ್ ಸಲ್ಲಿಸಬೇಕೆಂಬ ಕಾನೂನಿದೆ. ಕಟ್ಟಬೇಕಾದ ತೆರಿಗೆ ಸೊನ್ನೆ ಇರಬಹುದು, ಲೆಕ್ಕ ಕೊಡುವುದು ತಪ್ಪುವುದಿಲ್ಲ. ಮದುವೆಯಾಗಿ ಬೇರೆಯಾಗಿ ರಿಟರ್ನ್ ಸಲ್ಲಿಸುವವರಿಗೆ ಅದಕ್ಕಿರುವ ವರ್ಷದ ಆದಾಯದ ಮಿತಿ ಬರೀ 5 ಡಾಲರ್. ಸಣ್ಣ ಶಾಲೆಯಲ್ಲಿ ಪಾಠ ಮಾಡುವ ಹುಡುಗಿಯೂ ಇದರೊಳಗೆ ಬಂದುಬಿಡುತ್ತಾಳೆ. ಮದುವೆಯ ನಂತರ ಮೊದಲ ವರ್ಷದಿಂದಲೇ ಇದನ್ನು ಸರಿಯಾಗಿಟ್ಟುಕೊಂಡರೆ ಐ-864 ಹೊತ್ತಿಗೆ ಓಡಾಟ ಕಡಿಮೆ.

ಮಗುವಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ ಎಡವುತ್ತಾರೆ. ಅಮ್ಮ ಅಮೆರಿಕದವಳು, ಹಾಗಾಗಿ ಮಂಗಳೂರಿನಲ್ಲಿ ಹುಟ್ಟಿದ ಮಗುವೂ ಅಮೆರಿಕದ್ದು ಅಂತ ಊರಿನವರ ನಂಬಿಕೆ. ಅಪ್ಪ ವಿದೇಶಿಯಾಗಿದ್ದರೆ, ಮಗು ಹುಟ್ಟುವ ಮೊದಲು ಅಮ್ಮ ಒಟ್ಟು 5 ವರ್ಷ ಅಮೆರಿಕದಲ್ಲಿ ಇದ್ದಿರಬೇಕು, ಅದರಲ್ಲಿ 2 ವರ್ಷ ಅವಳಿಗೆ 14 ತುಂಬಿದ ಮೇಲೆ. ಆರನೇ ವಯಸ್ಸಿಗೆ ಊರಿಗೆ ಬಂದ ನನ್ನ ಸೊಸೆಗೆ ಅದು ಇಲ್ಲ. ಆದ್ದರಿಂದ ಮೊಮ್ಮಗಳಿಗೂ ಬೇರೆ ಐ-130 ಹಾಕಬೇಕು, ಅಪ್ಪನ ಅರ್ಜಿಗೆ ಅವಳು ಅಂಟಿಕೊಂಡು ಬರುವುದಿಲ್ಲ. ಅಲ್ಲಿಗೆ ಹೋಗಿ ಅಮ್ಮನ ಜೊತೆ ವಾಸ ಶುರುವಾದ ಕೂಡಲೇ ಮಗು ತಾನಾಗಿ ಪೌರಳಾಗುತ್ತದೆ, ಅದು ನೆಮ್ಮದಿಯ ವಿಷಯ. ಆದರೆ ಗಂಡನಿಗೆ ಮಾತ್ರ ಅರ್ಜಿ ಹಾಕಿ ಮಗುವನ್ನು ಮರೆತ ಮನೆಯವರ ಪಾಡು ಏನು ಯೋಚಿಸಿ.

ಇನ್ನು ನಮ್ಮ ಊರಿನ ಕಾಗದಗಳು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಆ ಅಕ್ಷರ ಬಿಡಿಸಿ ಪೂರ್ತಿ ಮನೆಹೆಸರು, ಮದುವೆ ಸರ್ಟಿಫಿಕೇಟಿನಲ್ಲಿ ಎರಡೂ ಇಲ್ಲ. ‘ಭಟ್’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ‘ಟಿ’, ಇನ್ನೊಂದು ಕಡೆ ಎರಡು. ಅರ್ಜಿ ಹಾಕುವ ಮೊದಲೇ ಇದನ್ನೆಲ್ಲ ಒಂದು ಮಾಡಿಸಿ. ಮುಂದೆ ಅಪ್ಪ ಅಮ್ಮನನ್ನು ಕರೆಸುವವರಿಗೆ ಇನ್ನೊಂದು ಗಂಟು: ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ, ಅದಕ್ಕೆ ಮೊದಲು ಹುಟ್ಟಿದವರ ಕಾಗದದಲ್ಲಿ ಕಣ್ಣೂರು, 1956ಕ್ಕೂ ಹಿಂದಿನವರದ್ದರಲ್ಲಿ ದಕ್ಷಿಣ ಕನ್ನಡ. ದೇವಸ್ಥಾನದ ರಶೀದಿ ಮದುವೆಗೆ ಸಾಕಾಗುವುದಿಲ್ಲ, ಪಂಚಾಯತಿನಲ್ಲಿ 45 ದಿನದೊಳಗೆ ನೋಂದಣಿ ಮಾಡಿಸಿಬಿಡಿ. ಹುಡುಗ ಮೊದಲು ದುಬೈಯಲ್ಲಿ ಒಂದು ವರ್ಷ ಅಥವಾ ಜಾಸ್ತಿ ಇದ್ದವನಾದರೆ ಇಲ್ಲಿಯ ಪೊಲೀಸ್ ಸರ್ಟಿಫಿಕೇಟಿನ ಜೊತೆಗೆ ಅಲ್ಲಿಯದ್ದೂ ಬೇಕು. ನಮ್ಮಲ್ಲಿ ಗಲ್ಫ್ ನೋಡದ ಮನೆ ಅಪರೂಪ, ಆದರೂ ಇದು ಕೊನೆಯ ಗಳಿಗೆಯಲ್ಲೇ ನೆನಪಾಗುತ್ತದೆ.

ಅಟೆಸ್ಟೇಶನ್ ಹೆಸರಿನಲ್ಲಿ ದುಡ್ಡು ತೆಗೆದುಕೊಳ್ಳುವುದನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಗಲ್ಫ್‌ಗೆ ಅದು ಬೇಕು, ಅಮೆರಿಕದ ಈ ವೀಸಾಕ್ಕೆ ಬೇಡ. ಅನುವಾದಕ್ಕೂ ಹಾಗೆಯೇ. ಎರಡೂ ಭಾಷೆ ಚೆನ್ನಾಗಿ ಬಲ್ಲ ಒಬ್ಬರು ಅನುವಾದಿಸಿ, ಇದು ಪೂರ್ತಿ ಮತ್ತು ಸರಿ ಎಂದು ಬರೆದು ಸಹಿ ಹಾಕಿದರೆ ಸಾಕು. ನಮ್ಮ ಲಗ್ನಪತ್ರಿಕೆಯನ್ನು ನನ್ನ ಜೊತೆ ಕೆಲಸ ಮಾಡಿದ ಇಂಗ್ಲಿಷ್ ಮಾಸ್ಟ್ರು ಒಂದು ಸಂಜೆ ಕುಳಿತು ಮಾಡಿಕೊಟ್ಟರು. ಮದುವೆ ನಿಜ ಎಂದು ತೋರಿಸಲು ಆ ಪತ್ರಿಕೆ, ಫೋಟೋ, ಜಂಟಿ ಖಾತೆ ಎಲ್ಲ ಕೆಲಸಕ್ಕೆ ಬರುತ್ತದೆ. ಮದುವೆ ಫೋಟೋದಲ್ಲಿ ಧಾರೆ ಎರೆಯುವಾಗ ಹಿಂದೆ ನಿಂತ ನೆಂಟರ ಮುಖ ಕಾಣುವಂಥದ್ದನ್ನು ಆರಿಸಿ, ಬರೀ ಜೋಡಿ ಫೋಟೋ ಬೇಡ.

ಸಂಪಾದಕರೇ, ಇಷ್ಟೆಲ್ಲ ಇಂಗ್ಲಿಷಿನಲ್ಲಿ ಸಿಗುತ್ತದೆ, ಪುಕ್ಕಟೆ ಸಿಗುತ್ತದೆ. ಕನ್ನಡದಲ್ಲಿ ಮಾತ್ರ ಇಲ್ಲ. ವಿದೇಶದಲ್ಲಿರುವ ಕೇರಳದವರಿಗಾಗಿ ನೋರ್ಕಾ ಎಂಬ ಸರಕಾರಿ ಇಲಾಖೆ ಇದೆ, ಸರಕಾರಿ ಅರ್ಜಿಗಳನ್ನು ಹಾಕಿಕೊಡುವ ಅಕ್ಷಯ ಕೇಂದ್ರ ಊರೂರಿಗೆ ಇದೆ. ಕನ್ನಡ ಮತ್ತು ತಮಿಳು ಮಾತಾಡುವವರು ಈ ರಾಜ್ಯದ ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು ಎಂದು ಕಾನೂನೂ ಇದೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನ ಪ್ರತಿ ಅಕ್ಷಯ ಕೇಂದ್ರದಲ್ಲಿ ವಿದೇಶಕ್ಕೆ ಬೇಕಾಗುವ ಕಾಗದಗಳ ಬಗ್ಗೆ ಕನ್ನಡದ ಒಂದು ಹಾಳೆ ಅಂಟಿಸಲಿ. ಯಾವ ದೇಶಕ್ಕೆ ಅಟೆಸ್ಟೇಶನ್ ಬೇಕು, ಯಾವುದಕ್ಕೆ ಬೇಡ, ಹೆಸರು ತಿದ್ದಿಸಲು ಎಲ್ಲಿಗೆ ಹೋಗಬೇಕು, ಅಷ್ಟಿದ್ದರೂ ಸಾಕು. ನಮ್ಮ ಶಾಸಕರು, ಜಿಲ್ಲಾ ಪಂಚಾಯತಿನವರು ಇದನ್ನು ಕೇಳಿ ಪಡೆಯಲಿ. ನಿಮ್ಮ ಪತ್ರಿಕೆಯೂ ವಲಸೆ ಕಾನೂನು ತಿಳಿದ ವಕೀಲರೊಬ್ಬರಿಂದ ತಿಂಗಳಿಗೊಮ್ಮೆಯಾದರೂ ಕನ್ನಡದಲ್ಲಿ ಬರೆಸಿದರೆ, ವಧೂವರ ಅಂಕಣದ ಪಕ್ಕದಲ್ಲೇ ಅದನ್ನು ಹಾಕಿ. ಓದಬೇಕಾದವರು ಆ ಪುಟವನ್ನು ಹೇಗೂ ತೆರೆಯುತ್ತಾರೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ
ಬದಿಯಡ್ಕ, ಕಾಸರಗೋಡು